ಯಾವ ಹರಕೆಗೂ ಅಲ್ಲ

ಇಳಕಲ್ಲಿನ ಆ ಮನೆಯಲ್ಲಿ ಬನಶಂಕರಿಗೆ ಗಂಡನೊಡನೆ ಮಾತಾಡಲು ಜಾಗವೇ ಇರಲಿಲ್ಲ. ಪಡಸಾಲೆಯ ತುಂಬ ಮಗ್ಗಗಳು, ನಡುಮನೆಯಲ್ಲಿ ನೂಲಿನ ಗಂಟುಗಳು, ಅಡುಗೆಮನೆಯಲ್ಲಿ ಯಾವಾಗ ನೋಡಿದರೂ ಅತ್ತೆ ರೇಣವ್ವ. ಬೇಸಿಗೆಯಲ್ಲಿ ಗಂಡಸರು ಹೊರಗೆ ಕಟ್ಟೆಯ ಮೇಲೆ ಮಲಗುವರು, ಹೆಂಗಸರು ಮಕ್ಕಳು ಒಳಗೆ. ಮಳೆಗಾಲ ಬಂತೆಂದರೆ ಎಲ್ಲರೂ ಒಳಗೆ, ಮಗ್ಗಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ. ಮದುವೆಯಾಗಿ ಹತ್ತು ವರ್ಷ ದಾಟಿದ್ದರೂ ಗಂಡ ಹೆಂಡತಿ ಎದುರುಬದುರು ಕೂತು, ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದ ಮಾತಾಡಿದ್ದು ನೆನಪಿಟ್ಟುಕೊಳ್ಳುವಷ್ಟು ಅಪರೂಪ.

ಅವರಿಗೆ ಸಿಗುತ್ತಿದ್ದ ಜಾಗವೆಂದರೆ ಬಸ್ಸು. ಈರಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದದ ಮೇಲೆ ಕೂಡಲಸಂಗಮಕ್ಕೆ ಹೋಗಿ ಬರುವ ಗಾಡಿ ಅವನದು. ಬನಶಂಕರಿ ಹುನಗುಂದದ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ದಿನಾ ಮುಂಜಾನೆ ಗಂಡನ ಬಸ್ಸಿಗೇ ಹತ್ತಿ, ಗಂಡನ ಕೈಯಿಂದಲೇ ಟಿಕೀಟು ತೆಗೆದುಕೊಂಡು ಸಾಲೆಗೆ ಹೋಗುವಳು. ಎಲ್ಲರಿಗೂ ಟಿಕೀಟು ಹರಿದು ಮುಗಿಸಿದ ಮೇಲೆ ಅವನು ಅವಳ ಸೀಟಿನ ಕಂಬಿ ಹಿಡಿದು ನಿಲ್ಲುತ್ತಿದ್ದ. ಹುನಗುಂದ ಬರುವ ತನಕ ಅವರ ಸಂಸಾರದ ಮಾತೆಲ್ಲ ಅಲ್ಲೇ, ಇಂಜಿನ್ನಿನ ಸದ್ದಿನ ಮರೆಯಲ್ಲಿ.

ಎಂಬತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಆ ಬಸ್ಸಿಗೆ ಖಾಸಿಂಸಾಬ ಎಂಬುವನು ಕಲ್ಲಂಗಡಿ ಬುಟ್ಟಿಗಳನ್ನು ಹೇರಿಕೊಂಡು ಬರುತ್ತಿದ್ದ. ಸಂಗಮಕ್ಕಿಂತ ಸ್ವಲ್ಪ ಮೇಲೆ, ಕೃಷ್ಣೆಯ ನಡುವೆ ಒಂದು ಸಣ್ಣ ಗಡ್ಡೆ. ಬೇಸಿಗೆಯಲ್ಲಿ ಅದರ ಉಸುಕಿನಲ್ಲಿ ಅವನು ಕಲ್ಲಂಗಡಿ, ಸವತಿಕಾಯಿ ಬೆಳೆಯುತ್ತಿದ್ದ. ಅಲ್ಲೊಂದು ಗುಡಿಸಲು ಕಟ್ಟಿಕೊಂಡಿದ್ದ. ಒಂದು ದಿನ ಅವನು ಈರಪ್ಪನಿಗೆ ಹೇಳಿದ, “ಕಂಡಕ್ಟರ್ ಸಾಹೇಬ್ರ, ಈ ವರ್ಷಾನ ಕಡೀದು ನೋಡ್ರಿ. ನಾರಾಯಣಪುರದ ಡ್ಯಾಮಿನಾಗ ನೀರು ನಿಲ್ಲಿಸಿದ್ರ ನನ್ನ ಗಡ್ಡಿ ತಳಕ್ಕ ಹೋಗತೈತಿ. ರಜಾದಾಗ ಮಗಳ ಮದಿವಿ ಐತಿ, ನಾವೆಲ್ಲ ಊರಾಗ ಇರತೇವಿ. ಗುಡಿಸಲು ಖಾಲಿ. ನೀವೂ ಅಕ್ಕೋರೂ ಬಂದು ಎರಡು ದಿನ ಇದ್ದು ಹೋಗ್ರಿ. ನನ್ನ ಕಾಯಿಗೂ ಕಾವಲಾದಂಗ ಆಗತೈತಿ.”

ಈರಪ್ಪ ನಕ್ಕ. ಆದರೆ ಮರುದಿನ ಹೆಂಡತಿಯ ಸೀಟಿನ ಹತ್ತಿರ ನಿಂತಾಗ ಅದನ್ನೇ ಚೇಷ್ಟೆಯ ಮಾತೆಂಬಂತೆ ಹೇಳಿದ. ಬನಶಂಕರಿ ನಗಲಿಲ್ಲ.

“ಹೋಗೂಣ್ರಿ,” ಅಂದಳು.

“ಎಲ್ಲಿಗೆ?”

“ಆ ಗಡ್ಡಿಗೆ. ನಾವಿಬ್ಬರ.”

ಈರಪ್ಪ ಏನೋ ಹೇಳಲು ಹೋಗಿ, ಯಾರೋ ಇಳಿಯುವವರಿದ್ದಾರೆಂದು ಸೀಟಿ ಊದಿದ. ಇಳಿಯುವವರು ಯಾರೂ ಇರಲಿಲ್ಲ. ಡ್ರೈವರ್ ತಿರುಗಿ ನೋಡಿ ಬೈದ.

ಬನಶಂಕರಿಯ ಮನಸ್ಸಿನಲ್ಲಿ ಅದು ಹೊಸದಾಗಿ ಹುಟ್ಟಿದ ಆಸೆಯೇನಲ್ಲ. ಅವಳೂ ಗಂಡನೂ ಜೊತೆಯಾಗಿ ತಿರುಗಾಡಿಯೇ ಇಲ್ಲ ಎಂದಲ್ಲ. ಮಹಾಕೂಟಕ್ಕೆ ಹೋಗಿದ್ದರು, ಬಾದಾಮಿಯ ಬನಶಂಕರಿ ಗುಡಿಗೆ ಹೋಗಿದ್ದರು, ಸಂಗಮಕ್ಕಂತೂ ಎಷ್ಟು ಸಲವೋ. ಎಲ್ಲ ಕಡೆಯೂ ಮುಂದೆ ರೇಣವ್ವ, ಹಿಂದೆ ಅವಳು, ಅವಳ ಹಿಂದೆ ಚೀಲ ಹೊತ್ತ ಈರಪ್ಪ. ಎಲ್ಲ ಕಡೆಯೂ ಒಂದೇ ಬೇಡಿಕೆ. ಇವಳ ಮಡಿಲು ತುಂಬಲಿ. ಉಡಿ ಒಡ್ಡು ಎಂದರೆ ಒಡ್ಡಿದ್ದಳು, ಒದ್ದೆ ಸೀರೆಯಲ್ಲಿ ಸುತ್ತು ಹಾಕು ಎಂದರೆ ಹಾಕಿದ್ದಳು. ದಾರಿಯಲ್ಲಿ ಕಂಡವರಿಗೆಲ್ಲ ರೇಣವ್ವ ಬಂದ ಕಾರಣ ಬಿಡಿಸಿ ಹೇಳುವಳು. ಅವರು ಇವಳನ್ನು ಮೇಲಿನಿಂದ ಕೆಳಗೆ ನೋಡಿ, ‘ಆಗತೈತಿ ತಗೊಳ್ರಿ’ ಎನ್ನುವರು. ತಾನು ಕಂಡ ಊರುಗಳೆಲ್ಲ ಬೇಡಲು ಹೋದ ಊರುಗಳೇ ಎಂದು ಅವಳಿಗೆ ಆ ದಿನ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಹೊಳೆದ ಮೇಲೆ ತಡೆದುಕೊಳ್ಳುವುದು ಆಗಲಿಲ್ಲ.

ಅಂದಿನಿಂದ ಯೋಜನೆ ಬಸ್ಸಿನಲ್ಲೇ, ತುಣುಕು ತುಣುಕಾಗಿ ನಡೆಯಿತು. ಈರಪ್ಪ ಚೀಲದಲ್ಲಿ ಚಿಲ್ಲರೆ ಹುಡುಕುತ್ತ, “ಅಲ್ಲಿ ಒಲಿ ಐತಂತ,” ಎನ್ನುವನು. ಮತ್ತೆ ಹಿಂದಕ್ಕೆ ಹೋಗಿ ಬಂದು, “ಹಾವು ಇರತಾವೇನ ಅಂತ ಕೇಳ್ಬೇಕು,” ಎನ್ನುವನು. ಬನಶಂಕರಿ ಸಜ್ಜೆಯ ರೊಟ್ಟಿ ಮೊದಲೇ ಮಾಡಿ ಒಣಗಿಸಿಟ್ಟುಕೊಳ್ಳುವ ಮಾತಾಡಿದಳು. ಕಂದೀಲು ಒಯ್ಯಬೇಕು, ಶೇಂಗಾ ಚಟ್ನಿ ಸಾಕು, ಹಾಸಿಗೆ ಬೇಡ, ಉಸುಕೇ ಮೆತ್ತಗಿರುತ್ತದೆ. ಪಕ್ಕದಲ್ಲಿ ಕೂತ ಹೆಂಗಸು ಕಿವಿಗೊಟ್ಟು ಕೇಳುತ್ತಿದ್ದರೂ ಅವಳು ದನಿ ತಗ್ಗಿಸಲಿಲ್ಲ. ಈರಪ್ಪನೂ ನಿಧಾನಕ್ಕೆ ಹುರುಪಿಗೆ ಬಂದ. ತಾನು ಗಾಳ ಹಾಕುವುದು ಕಲಿತಿದ್ದೆ, ಸಣ್ಣವನಿದ್ದಾಗ, ಎಂದ. ಅದು ಅವಳಿಗೆ ಹೊಸ ಸುದ್ದಿ.

ಆದರೆ ಮನೆಯಲ್ಲಿ ಹೇಳುವ ಮಾತು ಬಂದಾಗ ಅವನ ಹುರುಪು ಇಳಿಯಿತು. ಗಾಡಿಯಲ್ಲಿ ಪೈಲ್ವಾನರನ್ನೂ ಗದರಿಸಿ ಕೆಳಗಿಳಿಸುವ ಈರಪ್ಪ, ಅಣ್ಣ ಅಮಾತೆಪ್ಪನ ಎದುರು ಬಾಯಿ ಬಿಡುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಮಗ್ಗಗಳನ್ನೂ ಮನೆಯನ್ನೂ ಹಿಡಿದು ನಿಲ್ಲಿಸಿದವನು ಅಮಾತೆಪ್ಪ. ಆ ಮನೆಯಲ್ಲಿ ಅವನ ಮಾತೇ ಮಾತು.

“ಹರಕಿ ಐತಿ ಅಂತ ಹೇಳೂಣು,” ಎಂದ ಈರಪ್ಪ. “ಸಂಗಮನಾಥಗ ಎರಡು ದಿನದ ಸೇವಾ ಅಂದ್ರ ಯಾರೂ ತಕರಾರು ಮಾಡೂದಿಲ್ಲ.”

“ಅದೊಂದು ಬ್ಯಾಡ್ರಿ,” ಎಂದಳು ಬನಶಂಕರಿ. “ಹರಕಿ ಅಂತ ಹೇಳಿ ಹೋದ್ರ, ತಿರುಗಿ ಬಂದ ದಿನದಿಂದ ಎಲ್ಲಾರೂ ನನ್ನ ಹೊಟ್ಟಿ ನೋಡಾಕ ಸುರು ಮಾಡ್ತಾರ. ಇದೊಂದ್ಸಲ ಆದ್ರೂ ನಾ ಏನೂ ಬೇಡಾಕ ಹೋಗೂದಿಲ್ಲ. ಸುಮ್ಮನ ಹೋಗಾಕಿ.”

“ಸುಮ್ಮನ ಅಂದ್ರ ಅಣ್ಣ ಕೇಳೂದಿಲ್ಲ.”

“ಕೇಳದಿದ್ರ ಬಿಡಲಿ. ಹೇಳೂದು ನಮ್ಮ ಕೆಲಸ.”

ಸಾಲೆಗೆ ರಜೆ ಬಿಟ್ಟಿತು. ಮುಂಜಾನೆ ಊಟಕ್ಕೆ ಕೂತಾಗ ಹೇಳುವುದು ಎಂದು ಗೊತ್ತು ಮಾಡಿಕೊಂಡಿದ್ದರು. ಈರಪ್ಪ ರೊಟ್ಟಿ ಮುರಿಯುತ್ತ, “ಅಣ್ಣಾ, ಒಂದು ಮಾತು,” ಎಂದ. ಅಮಾತೆಪ್ಪ ತಲೆ ಎತ್ತಿದ. ಈರಪ್ಪ ಕೆಮ್ಮಿ, “ರೇಶಿಮಿ ರೇಟು ಇಳದೈತೇನು?” ಎಂದು ಕೇಳಿದ. ಅಮಾತೆಪ್ಪ ರೇಶಿಮೆಯ ರೇಟು ಹೇಳತೊಡಗಿದ.

ಅಡುಗೆಮನೆಯ ಬಾಗಿಲಲ್ಲಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದ ಬನಶಂಕರಿ ಸ್ವಲ್ಪ ಹೊತ್ತು ಕೇಳಿದಳು. ಭಾವನ ಎದುರು ನಿಂತು ಮಾತಾಡುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ. ಪಾತ್ರೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು, “ಭಾವನೋರ, ಶನಿವಾರ ನಾವಿಬ್ಬರೂ ಸಂಗಮದ ಕಡೆ ಹೊಂಟೇವ್ರಿ. ಎರಡು ದಿನ ಇದ್ದು ಬರ್ತೇವಿ,” ಎಂದಳು.

ಅಮಾತೆಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಒಳಗಿಂದ ರೇಣವ್ವ ಹೊರಗೆ ಬಂದಳು. ಅವಳ ಮುಖ ಅರಳಿತ್ತು. “ಏನ ಹರಕಿ ಹೊತ್ತೀಯವ್ವಾ?”

“ಹರಕಿ ಇಲ್ರಿ ಅತ್ತಿ. ಗುಡಿಗೆ ಹೊಂಟಿಲ್ಲ. ಹೊಳಿ ನಡುವ ಒಂದು ಗಡ್ಡಿ ಐತಿ. ಅಲ್ಲಿರಾಕ ಹೊಂಟೇವಿ.”

“ಅಲ್ಲೇನೈತಿ?”

“ಏನೂ ಇಲ್ರಿ. ಮಂದಿನೂ ಇಲ್ಲ. ಅದಕ್ಕ ಹೊಂಟೇವಿ.”

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ನೆಗೆಣ್ಣಿ, ಅಮಾತೆಪ್ಪನ ಹೆಂಡತಿ ನೀಲಾಬಾಯಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಮಾತೆಪ್ಪ ಬನಶಂಕರಿಯ ಕಡೆ ನೋಡಲೂ ಇಲ್ಲ. ತಮ್ಮನಿಗೆ ಹೇಳಿದ, “ಈರ್ಯಾ, ಓಣ್ಯಾಗ ಯಾರರ ಕೇಳಿದ್ರ ಏನ ಹೇಳ್ಲಿ? ಗಂಡ ಹೆಂಡ್ತಿ ಗಾಳಿ ತಿನ್ನಾಕ ಹೋಗ್ಯಾರ ಅಂತ ಹೇಳ್ಲ್ಯಾ?”

ಈರಪ್ಪ ತಾಟು ನೋಡುತ್ತ ಕೂತ. ಬನಶಂಕರಿಯೇ ಉತ್ತರ ಕೊಟ್ಟಳು. “ಹಂಗ ಹೇಳ್ರಿ. ಖರೆ ಅದು.”

ಅಮಾತೆಪ್ಪ ಕೈ ತೊಳೆದು ಎದ್ದ. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಆಮೇಲೆ ಮನೆಯಲ್ಲಿ ಆ ಸುದ್ದಿಯನ್ನು ಯಾರೂ ಎತ್ತಲಿಲ್ಲ. ರಜೆಯಲ್ಲಿ ಬನಶಂಕರಿಯ ಪಾಲಿಗೆ ಬರುವ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸ ಮಾತ್ರ ದುಪ್ಪಟ್ಟಾಯಿತು. ಅವಳು ಒಂದೂ ಬಿಡದೆ ಸುತ್ತಿಕೊಟ್ಟಳು, ನಾಳೆ ಆ ನೆವ ಹೇಳಬಾರದೆಂದು.

ಶನಿವಾರ ಗಂಡ ಹೆಂಡತಿ ಬಸ್‌ಸ್ಟ್ಯಾಂಡಿಗೆ ಹೋಗುವ ಹೊತ್ತಿಗೆ ರೇಣವ್ವ ಆಗಲೇ ಬಸ್ಸಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನೀಲಾಬಾಯಿ, ಅವಳ ಮಕ್ಕಳು, ಎರಡು ಬುತ್ತಿಗಂಟು, ಕಾಯಿ ಕರ್ಪೂರದ ಬುಟ್ಟಿ. ಟವೆಲ್ಲು ಹಾಸಿ ಇವರಿಬ್ಬರಿಗೂ ಸೀಟು ಹಿಡಿದಿದ್ದರು.

“ಅಮಾತೆಪ್ಪ ಕಳಸ್ಯಾನ,” ಎಂದಳು ರೇಣವ್ವ. “ಹೆಂಗೂ ಹೊಂಟೀರಿ, ಎಲ್ಲಾರೂ ಕೂಡಿ ಹೋಗಿ ಸಂಗಮನಾಥಗ ಅಭಿಷೇಕ ಮಾಡಿಸಿಕೊಂಡು ಬರೂಣು. ನೋಡಿದವರು ನಾಲ್ಕು ಮಾತು ಆಡೂದ ಬ್ಯಾಡ.”

ಈರಪ್ಪ ಅಂದು ರಜೆಯಲ್ಲಿದ್ದ. ತನ್ನದೇ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂರುವುದು ಅವನಿಗೆ ಮೊದಲೇ ಕಸಿವಿಸಿ. ಈಗ ಬೆವತೇಹೋದ. “ಈಗ ಏನ ಮಾಡೂದು?” ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ.

“ಟಿಕೀಟು ತಗೀರಿ,” ಎಂದಳು ಅವಳು.

ಸಂಗಮದಲ್ಲಿ ಇಳಿದಾಗ ಹೊಳೆಯ ದಂಡೆಯಲ್ಲಿ ಜನ ಮೀಯುತ್ತಿದ್ದರು. ಎರಡು ಹೊಳೆ ಕೂಡುವ ಜಾಗದಿಂದ ತುಸು ದೂರದಲ್ಲಿ, ಖಾಸಿಂಸಾಬ ಗುಂಡಗಿನ ತೆಪ್ಪವನ್ನು ನೀರಿಗೆ ಹಚ್ಚಿ ಕಾಯುತ್ತಿದ್ದ. ಇಷ್ಟು ಜನ ಬರುವುದನ್ನು ಕಂಡು ಅವನು ಏನೂ ಕೇಳದೆ ಕೋಲು ಊರಿ ನಿಂತ. ರೇಣವ್ವ ಸೊಸೆಯ ಕೈಗೆ ಹಸಿರು ಕುಪ್ಪಸದ ಖಣ ಕೊಟ್ಟು, “ಮೊದಲು ಮುಳುಗು ಹಾಕು, ಆಮ್ಯಾಲೆ ಗುಡಿಗೆ,” ಎಂದಳು.

ಬನಶಂಕರಿ ಖಣವನ್ನು ತಿರುಗಿ ಅತ್ತೆಯ ಬುಟ್ಟಿಯಲ್ಲಿಟ್ಟಳು. “ನೀವು ಅಭಿಷೇಕ ಮಾಡಿಸ್ರಿ ಅತ್ತಿ. ಸಂಜಿ ಬಸ್ಸಿಗೆ ಊರಿಗೆ ಹೋಗ್ರಿ. ನಾವು ನಾಡಿದ್ದ ಬರ್ತೇವಿ.”

“ಮಂದಿ ನೋಡಾಕತ್ತಾರ, ಬನವ್ವ.”

“ನೋಡ್ಲಿ ಬಿಡ್ರಿ.”

ರೇಣವ್ವ ಬುಟ್ಟಿ ಕೆಳಗಿಟ್ಟಳು. “ನಿನ್ನ ಸಲುವಾಗಿ ನಾ ಎಷ್ಟು ಗುಡಿಗೆ ಬರಿಗಾಲಲೆ ನಡದೇನಿ. ನನ್ನ ಪದರಿಗೆ ಬಂದದ್ದು ಇದಾ ಏನು?”

ಮುದುಕಿ ನಡೆದದ್ದು ಸುಳ್ಳಲ್ಲ. ಆದರೆ ಈಗ ಮೆತ್ತಗಾದರೆ ಮುಂದೆ ಸಾಯುವ ತನಕ ಮೆತ್ತಗೇ ಇರಬೇಕಾದೀತು ಎಂದು ಬನಶಂಕರಿಗೆ ಗೊತ್ತಿತ್ತು.

“ನೀವು ನಡದದ್ದು ಖರೆ,” ಎಂದಳು. “ನಿಮ್ಮ ಹಿಂದ ನಾನೂ ನಡದೇನಿ. ಇನ್ನ ನಡಿಯೂದಿಲ್ರಿ. ಮಗು ಆದ್ರ ಆಗಲಿ, ಬಿಟ್ರ ಬಿಡಲಿ. ಬೇಡೂದು ಮುಗೀತು.”

ಮೀಯುತ್ತಿದ್ದವರು ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. ಬನಶಂಕರಿ ಸೀರೆಯ ನೆರಿಗೆ ಎತ್ತಿ ನೀರಿಗಿಳಿದು ತೆಪ್ಪ ಹತ್ತಿ ಕೂತಳು. ತೆಪ್ಪ ಓಲಾಡಿ ನಿಂತಿತು. ಈರಪ್ಪ ಇನ್ನೂ ದಂಡೆಯಲ್ಲೇ ಇದ್ದ, ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕಂದೀಲು.

“ನೀವು ಬರ್ತಿದ್ರ ಬರ್ರಿ,” ಎಂದಳು ಅವನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಇಲ್ಲಂದ್ರ ಆ ಚೀಲ ಇತ್ತ ಕೊಡ್ರಿ. ನಾ ಒಬ್ಬಾಕಿನ ಇದ್ದು ಬರ್ತೇನಿ.”

ಈರಪ್ಪ ತಾಯಿಯ ಮುಖ ನೋಡಿದ. ರೇಣವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. ಅವನು ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡ. “ಅವ್ವಾ, ಸಂಜೀ ಬಸ್ಸಿನಾಗ ಮುಂದಿನ ಸೀಟ ಹಿಡೀರಿ, ಹಿಂದ ಭಾಳ ಕುಕ್ಕತೈತಿ,” ಎಂದು ಹೇಳಿ ನೀರಿಗೆ ಕಾಲಿಟ್ಟ. ಅದೇ ಅವನಿಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು. ಖಾಸಿಂಸಾಬ ಕೋಲು ಒತ್ತಿದ.

ಗಡ್ಡೆ ಬಹಳ ಸಣ್ಣದು. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸುವಷ್ಟು. ಉಸುಕಿನ ಮೇಲೆ ಬಳ್ಳಿಗಳು, ಬಳ್ಳಿಗಳ ನಡುವೆ ಕಲ್ಲಂಗಡಿ, ಒಂದೇ ಒಂದು ಜಾಲಿ ಗಿಡ, ಅದರ ಬುಡದಲ್ಲಿ ಗುಡಿಸಲು. ಖಾಸಿಂಸಾಬ ಇವರನ್ನು ಇಳಿಸಿ, ಬೇಕಾದಷ್ಟು ಕಾಯಿ ಒಡೆದುಕೊಳ್ಳಿರೆಂದು ಹೇಳಿ ಹೋದ ಮೇಲೆ, ಗಂಡ ಹೆಂಡತಿಗೆ ಏನು ಮಾಡುವುದೆಂದೇ ತಿಳಿಯಲಿಲ್ಲ. ಯಾರದೂ ಕರೆ ಇಲ್ಲ. ಮಗ್ಗದ ಸದ್ದಿಲ್ಲ. ಈರಪ್ಪ ಗುಡಿಸಲನ್ನು ಒಂದು ಸುತ್ತು ಹಾಕಿ ಬಂದ. ಬನಶಂಕರಿ ಚೀಲ ಬಿಚ್ಚಿ ಮತ್ತೆ ಕಟ್ಟಿದಳು. ಅವನು ಗಾಳ ಹಾಕಿದ. ಏನೂ ಬೀಳಲಿಲ್ಲ. ಮಧ್ಯಾಹ್ನ ರೊಟ್ಟಿ ತಿಂದು ಇಬ್ಬರೂ ಜಾಲಿಯ ನೆರಳಲ್ಲಿ ಮಲಗಿ, ಬಿಸಿಲು ಇಳಿಯುವ ತನಕ ನಿದ್ದೆ ಹೊಡೆದರು. ಹಗಲು ಹೊತ್ತಿನಲ್ಲಿ ಹೀಗೆ ಮಲಗಿದ್ದು ಬನಶಂಕರಿಗೆ ತನ್ನ ಮದುವೆಯ ಮೊದಲಿನ ನೆನಪು.

ಎದ್ದ ಮೇಲೆ ಮಾತು ಶುರುವಾಯಿತು. ಮೊದಲು ಜಗಳ. ದಂಡೆಯಲ್ಲಿ ಅಷ್ಟು ಹೊತ್ತು ನಿಂತಿದ್ದು ಯಾಕೆ ಎಂದು ಅವಳು ಕೇಳಿದಳು. ನಿನ್ನಷ್ಟು ಗಟ್ಟಿ ಎದೆ ನನಗಿಲ್ಲ ಎಂದು ಅವನು ಹೇಳಿದ. ಆಮೇಲೆ ಮೊಣಕಾಲ ತನಕ ನೀರಲ್ಲಿ ನಿಂತು, ಅವಳ ಕಡೆ ನೋಡದೆ, “ಮಹಾಕೂಟದಾಗ ಎಲ್ಲಾರೂ ಕಣ್ಣು ಮುಚ್ಚಿ ಕೈ ಮುಗದಿದ್ರಲ್ಲ, ಅವತ್ತ ನಾ ಮಗು ಬೇಡಲಿಲ್ಲ,” ಎಂದ.

“ಮತ್ತೇನ ಬೇಡಿದ್ರಿ?”

“ನಿನಗ ಮೈ ಸುಡತಿತ್ತು. ಜ್ವರದಾಗ ಅವ್ವ ನಿನ್ನ ಹೊಂಡಕ್ಕ ಇಳಸಾಕತ್ತಿದ್ಲು. ಅವ್ವಗ ಬುದ್ಧಿ ಕೊಡು, ಈಕಿನ್ನ ಇನ್ನ ನೀರಾಗ ಮುಳುಗಸೂದ ಬಿಡ್ಲಿ ಅಂತ ಬೇಡಿದ್ದೆ.”

ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವನ ಮೇಲೆ ಬನಶಂಕರಿಗೆ ಪ್ರೀತಿ ಉಕ್ಕಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

“ಅದನ್ನ ದೇವರಿಗೆ ಯಾಕ ಹೇಳಿದ್ರಿ? ನಿಮ್ಮವ್ವ ಮಗ್ಗಲದಾಗ ನಿಂತಿದ್ರಲ್ಲ, ಅವರಿಗೆ ಹೇಳಬೇಕಿತ್ತು.”

“ಇನ್ನ ಮ್ಯಾಲೆ ಹೇಳ್ತೇನಿ,” ಎಂದ ಈರಪ್ಪ.

“ನೋಡೂಣು,” ಎಂದಳು ಅವಳು. ಎಂದು ನೀರು ಎರಚಿದಳು. ಅವನು ತಿರುಗಿ ಎರಚಿದ. ಹುನಗುಂದದ ಅಕ್ಕೋರು ಸೀರೆಯ ಪರಿವೆಯಿಲ್ಲದೆ ಹೊಳೆಯಲ್ಲಿ ಕುತ್ತಿಗೆ ಮಟ ಕೂತಳು. ಅದು ಯಾವ ಪುಣ್ಯದ ಮುಳುಗೂ ಆಗಿರಲಿಲ್ಲ. ಸೆಕೆಗೆ ಹಾಯೆನಿಸಿತು, ಅಷ್ಟೇ.

ಮರುದಿನವೂ ಅವರು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಕಲ್ಲಂಗಡಿ ಒಡೆದು ತಿಂದರು, ಹಕ್ಕಿ ಓಡಿಸಿದರು, ಯಾರಿಗೆ ಯಾವ ಪಲ್ಯ ಸೇರುವುದಿಲ್ಲ ಎಂಬುದನ್ನು ಹತ್ತು ವರ್ಷದ ಮೇಲೆ ತಿಳಿದುಕೊಂಡರು. ಅವನಿಗೆ ಹೀರೇಕಾಯಿ ಆಗುತ್ತಿರಲಿಲ್ಲವಂತೆ. ಅವಳು ವಾರ ವಾರ ಬಡಿಸುತ್ತಿದ್ದಳು.

ತಿರುಗಿ ಮನೆಗೆ ಬಂದಾಗ ಯಾರೂ ನೀರು ಕೊಡಲಿಲ್ಲ. ರೇಣವ್ವ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಓಣಿಯಲ್ಲಿ ಸುದ್ದಿ ಹಬ್ಬಿತ್ತು. ಬಾವಿಯ ಹತ್ತಿರ ಹೆಂಗಸರು ಬನಶಂಕರಿಯ ನಡು ನೋಡಿ ಕಣ್ಸನ್ನೆ ಮಾಡಿದಾಗ ಅವಳು ಕೊಡ ಇಳಿಸಿ, “ಏನೂ ಇಲ್ರವಾ, ನೋಡೂದ ಬಿಡ್ರಿ. ಅದಕ್ಕ ಹೋಗಿದ್ದಿಲ್ಲ ನಾವು,” ಎಂದಳು. ಅವರೇ ನಾಚಿ ಹಗ್ಗ ಎಳೆದರು.

ವಾರ ಕಳೆದ ಮೇಲೆ ಅಮಾತೆಪ್ಪ ತಮ್ಮನನ್ನು ಕೂರಿಸಿ ಮಾತು ತೆಗೆದ. “ಇಬ್ಬರ ಇರಬೇಕಂತ ಅಷ್ಟು ಆಸೆ ಇದ್ದವರು, ಎಲ್ಲರ ಬ್ಯಾರೆ ಮನಿ ಮಾಡಿಕೊಂಡು ಇಬ್ಬರ ಇರ್ರಿ. ಈ ಮನ್ಯಾಗ ಇದ್ರ ಈ ಮನಿ ರೀತಿ.” ಅದು ಹೆದರಿಸಲು ಆಡಿದ ಮಾತು. ತಮ್ಮ ಕಾಲು ಹಿಡಿಯುತ್ತಾನೆ, ಅವನ ಹೆಂಡತಿ ತಪ್ಪಾಯಿತೆನ್ನುತ್ತಾಳೆ ಎಂದು ಅವನು ಎಣಿಸಿದ್ದ.

ಬಾಗಿಲಲ್ಲಿ ನಿಂತಿದ್ದ ಬನಶಂಕರಿ ಬಾಯಿ ತೆರೆಯುವಷ್ಟರಲ್ಲಿ ಈರಪ್ಪನೇ ಮಾತಾಡಿದ. “ಆಗಲಿ ಅಣ್ಣಾ. ಹುನಗುಂದದಾಗ ಸಾಲಿ ಮಗ್ಗಲ ಒಂದು ಖೋಲಿ ಖಾಲಿ ಐತಿ. ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಹಬ್ಬಕ್ಕ ಬರ್ತೇವಿ.”

ಹೋಗುವ ದಿನ ಗಾಡಿಗೆ ಸಾಮಾನು ಹೇರುವಾಗ ಅಮಾತೆಪ್ಪ ಮಗ್ಗ ಬಿಟ್ಟು ಏಳಲಿಲ್ಲ. ನೀಲಾಬಾಯಿ ಮಾತ್ರ ಹಿತ್ತಲ ಬಾಗಿಲಿಗೆ ಬಂದು ಒಂದು ಗಡಿಗೆ ಉಪ್ಪಿನಕಾಯಿ ಕೊಟ್ಟು, “ಖೋಲಿಗೆ ಕದ ಗಟ್ಟಿ ಐತೇನು?” ಎಂದು ಕೇಳಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಓಡಿದಳು.

ಖೋಲಿ ಸಣ್ಣದು. ಮಳೆ ಬಂದರೆ ಮೂಲೆಯಲ್ಲಿ ಸೋರುವುದು. ಅದರ ಕದಕ್ಕೆ ಒಳಗಿನಿಂದ ಚಿಲಕವಿತ್ತು. ಮಗು ಆಗಲಿಲ್ಲ. ಆಗಲಿಲ್ಲವೆಂದು ಅವರು ಎಲ್ಲಿಗೂ ಹೋಗಲೂ ಇಲ್ಲ. ಮುಂದಿನ ವರ್ಷ ಹೊಳೆಯ ನೀರು ಏರಿ ಖಾಸಿಂಸಾಬನ ಗಡ್ಡೆ ಮುಳುಗಿತು. ಅವನು ಪರಿಹಾರದ ಹಣದಲ್ಲಿ ಒಂದು ಚಹಾದಂಗಡಿ ಹಾಕಿದ. ಗಡ್ಡೆ ಮುಳುಗಿತೆಂದು ಗಂಡ ಹೆಂಡತಿ ತಿರುಗಾಟ ಬಿಡಲಿಲ್ಲ. ಪ್ರತಿ ರಜೆಗೂ ಎರಡು ದಿನ ಎಲ್ಲಿಗಾದರೂ ಹೋಗುವರು. ಹೊಸ ನೀರಿನ ದಂಡೆಯ ಯಾವುದೋ ಹಳ್ಳಿ, ಬಾದಾಮಿಯ ಆಚೆಯ ಗುಡ್ಡ. ಕೇಳಿದವರಿಗೆ, ಸುಮ್ಮನೆ ಹೋಗುತ್ತೇವೆ ಎನ್ನುವರು. ಕೇಳುವವರು ಕ್ರಮೇಣ ಕಡಿಮೆಯಾದರು.

ರೇಣವ್ವ ಖೋಲಿಗೆ ಬಂದದ್ದು ಆಮೇಲಿನ ಬೇಸಿಗೆಯಲ್ಲಿ. ಸಿಟ್ಟು ಇಳಿದಿತ್ತೋ, ಮಗನನ್ನು ನೋಡದೆ ಇರಲಾರದೆ ಬಂದಳೋ, ಹೇಳಲಿಲ್ಲ. ಎರಡು ದಿನ ಇದ್ದಳು. ಮೂರನೆಯ ದಿನ ಬನಶಂಕರಿ ಚೀಲ ತುಂಬುತ್ತಿದ್ದಾಗ ಬಾಗಿಲಲ್ಲಿ ಕೂತು ನೋಡುತ್ತಿದ್ದವಳು, “ನಾನೂ ಬರಲೇನು?” ಎಂದಳು.

ಈರಪ್ಪ ಹೆಂಡತಿಯ ಮುಖ ನೋಡಿದ. ಬನಶಂಕರಿ ಮಡಚುತ್ತಿದ್ದ ಸೀರೆ ಬಿಟ್ಟು ಅತ್ತೆಯ ಪಕ್ಕದಲ್ಲಿ ಬಂದು ಕೂತಳು.

“ಬ್ಯಾಡ್ರಿ ಅತ್ತಿ. ಇದು ನಮ್ಮಿಬ್ಬರದು. ತಿರುಗಿ ಬಂದ ಮ್ಯಾಲೆ ನಿಮ್ಮನ್ನ ಕರಕೊಂಡು ಹೋಗ್ತೇನಿ. ನೀವೂ ನಾನೂ ಇಬ್ಬರ, ಇವರು ಬ್ಯಾಡ. ಎಲ್ಲಿಗೆ ಹೋಗಬೇಕು, ಹೇಳ್ರಿ.”

ರೇಣವ್ವನಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಬನಶಂಕರಿ ಯಾವ ಗುಡಿಯ ಹೆಸರು ಬರುತ್ತದೋ ಎಂದು ಕಾದಳು.

“ಬಾಗಲಕೋಟಿಗೆ ಹೋಗೂಣು,” ಎಂದಳು ಮುದುಕಿ. “ನಾ ಒಮ್ಮಿನೂ ಸಿನೆಮಾ ನೋಡಿಲ್ಲ.” ಆಮೇಲೆ ಅಂಜಿದವಳ ಹಾಗೆ ದನಿ ತಗ್ಗಿಸಿ, “ಅಮಾತೆಪ್ಪಗ ಹೇಳೂದ ಬ್ಯಾಡ,” ಎಂದಳು.

“ಹೇಳೇ ಹೋಗೂಣ್ರಿ,” ಎಂದಳು ಬನಶಂಕರಿ.